ಬರೆದದ್ದೆಷ್ಟು? ಬಂದದ್ದೆಷ್ಟು?

“ಇಷ್ಟೆಲ್ಲ ಬರೀತೀರಲ್ಲ, ವರ್ಷಕ್ಕೆ ಎಷ್ಟು ಬರ್ತದೆ?”

ಮನೆಯಾಕೆ ಕೇಳಿದ್ದು ಇಷ್ಟೇ. ಉತ್ತರ ನನ್ನಲ್ಲಿರಲಿಲ್ಲ. ಅಡಿಕೆ ಎಷ್ಟು ಕ್ವಿಂಟಾಲ್ ಆಯಿತು, ಸುಲಿದವರಿಗೆ ಎಷ್ಟು ಕೊಟ್ಟೆ, ಹಿಂಡಿಗೆ ಎಷ್ಟು ಹೋಯಿತು – ಎಲ್ಲಕ್ಕೂ ಲೆಕ್ಕವಿದೆ. ಇಪ್ಪತ್ತೈದು ವರ್ಷದಿಂದ ಪತ್ರಿಕೆಗಳಿಗೆ ಬರೆಯುತ್ತಿದ್ದರೂ ಬರವಣಿಗೆಗೆ ಮಾತ್ರ ಒಂದು ಪುಟವೂ ಇರಲಿಲ್ಲ.

2024ರ ಏಪ್ರಿಲಿನಲ್ಲಿ ಇನ್ನೂರು ಪುಟದ ಒಂದು ನೋಟ್ ಪುಸ್ತಕ ತಂದೆ. ಗೆರೆ ಎಳೆದು ಏಳು ಅಂಕಣ ಮಾಡಿದೆ: ಕಳಿಸಿದ ದಿನ, ಲೇಖನದ ಹೆಸರು, ಪತ್ರಿಕೆ, ಪ್ರಕಟವಾದ ದಿನ, ಬಂದ ಸಂಭಾವನೆ, ಆದ ಖರ್ಚು, ಹಿಡಿದ ಗಂಟೆ. ವರ್ಷ ಮುಗಿದು ಕೂಡಿಸಿ ನೋಡಿದಾಗ ಕಂಡದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಒಂದು ವರ್ಷದ ಲೆಕ್ಕ

ಕಳಿಸಿದ್ದು 31 ಲೇಖನ. ಅಚ್ಚಾದದ್ದು 26. ಹಣ ಬಂದದ್ದು 19ಕ್ಕೆ, ಒಟ್ಟು 21,400 ರೂಪಾಯಿ. ಖರ್ಚು ಹೀಗೆ: ಬಸ್ಸು ಮತ್ತು ಪೆಟ್ರೋಲ್ 4,150, ಮೊಬೈಲ್-ಇಂಟರ್‌ನೆಟ್‌ನಲ್ಲಿ ಬರವಣಿಗೆಯ ಪಾಲು 2,400, ಕ್ಯಾಮರಾ ರಿಪೇರಿ 1,650, ಜೆರಾಕ್ಸ್-ಅಂಚೆ 300. ಒಟ್ಟು 8,500. ಉಳಿದದ್ದು 12,900.

ಓಡಾಟಕ್ಕೆ 120 ಗಂಟೆ, ಬರೆಯಲು ತಿದ್ದಲು 190 ಗಂಟೆ ಹಿಡಿದಿದೆ. ಭಾಗಿಸಿದರೆ ಗಂಟೆಗೆ 42 ರೂಪಾಯಿಯೂ ಬೀಳುವುದಿಲ್ಲ. ತೋಟಕ್ಕೆ ಬರುವ ಆಳಿಗೆ ಈ ಸಂಬಳ ಹೇಳಿದರೆ ಮಾರನೇ ದಿನ ಅವನು ಈ ಕಡೆ ತಲೆ ಹಾಕಲಿಕ್ಕಿಲ್ಲ!

ಬಾಕಿ ಎಲ್ಲಿ ಹೋಯಿತು?

ಮೊದಲು ಮನಿಯಾರ್ಡರ್ ಬರುತ್ತಿತ್ತು. ಪೋಸ್ಟ್‌ಮ್ಯಾನ್ ಸಹಿ ಹಾಕಿಸಿ ಹಣ ಕೊಡುವಾಗ ಕೂಪನ್ನಿನಲ್ಲಿ ಯಾವ ಲೇಖನದ್ದೆಂದು ಬರೆದಿರುತ್ತಿತ್ತು. ಈಗ ನೇರ ಬ್ಯಾಂಕಿಗೆ ಜಮಾ. ಪಾಸ್‌ಬುಕ್ಕಿನಲ್ಲಿ ಸಂಸ್ಥೆಯ ಹೆಸರಷ್ಟೇ. ಯಾವುದರ ಹಣ ಬಂತು, ಯಾವುದರದ್ದು ಬಾಕಿ ಎಂದು ನಾವೇ ತಾಳೆ ನೋಡಬೇಕು. ನಾನು ನೋಡುತ್ತಿರಲಿಲ್ಲ.

ಪುಸ್ತಕ ಹಿಡಿದು ನೋಡಿದರೆ ಏಳು ಲೇಖನಗಳ ಬಾಕಿ. ಶೀರ್ಷಿಕೆ, ಪ್ರಕಟವಾದ ದಿನ, ಪುಟ ಸಂಖ್ಯೆ, ಬ್ಯಾಂಕ್ ವಿವರ ಬರೆದು ಎಲ್ಲರಿಗೂ ಒಂದೊಂದು ಪತ್ರ ಹಾಕಿದೆ. ನಾಲ್ಕರ ಹಣ, 4,600 ರೂಪಾಯಿ, ಎರಡು ತಿಂಗಳಲ್ಲಿ ಬಂತು. “ನಿಮ್ಮ ಖಾತೆ ನಂಬರ್ ನಮ್ಮಲ್ಲಿರಲಿಲ್ಲ” ಎಂದರು ಒಬ್ಬರು. ಇಷ್ಟು ಸಣ್ಣ ವಿಷಯ! ಒಂದು ಪತ್ರಿಕೆ ನಿಂತೇ ಹೋಗಿತ್ತು. ಉಳಿದ ಎರಡು ಸಂಭಾವನೆ ಕೊಡುವ ಪತ್ರಿಕೆಗಳೇ ಅಲ್ಲ. ಅದು ಅವರ ತಪ್ಪಲ್ಲ, ಮೊದಲೇ ಕೇಳದ್ದು ನನ್ನ ತಪ್ಪು. ಹಣ ಕೇಳಲು ನಮಗೆ ನಾಚಿಕೆ. ಅಡಿಕೆ ಮಾರಿ ಬಿಲ್ಲು ಕೇಳಲು ನಾಚುತ್ತೇವೆಯೇ?

ಪುಸ್ತಕದಲ್ಲಿ ಕೆಂಪು ಶಾಯಿ

ಒಂದು ಪುಟ ಮಾತ್ರ ಈಗಲೂ ಚುಚ್ಚುತ್ತದೆ. 2024ರ ಜೂನ್ ಮೊದಲ ವಾರ ಔಷಧಿ ಬಿಡುವವರು ಬರುತ್ತೇವೆ ಎಂದಿದ್ದರು. ಮೈಲುತುತ್ತು, ಸುಣ್ಣ ತಂದಿಟ್ಟಾಗಿತ್ತು. ಅಷ್ಟರಲ್ಲಿ 90 ಕಿಲೋಮೀಟರ್ ದೂರದ ಒಂದು ತೋಟದ ಬಗ್ಗೆ ಬರೆದುಕೊಡಿ ಎಂದು ಫೋನು ಬಂತು. “ಎರಡು ದಿನ ತಡೆಯಿರಿ ಮಾರಾಯ್ರೆ” ಎಂದು ಅವರಿಗೆ ಹೇಳಿ ಹೊರಟೆ. ಅವರು ಬೇರೆ ತೋಟಕ್ಕೆ ಹೋದರು. ಮತ್ತೆ ಮಳೆ ಬಿಡಲೇ ಇಲ್ಲ. ಶೇಕಡಾ ಒಂದರ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮಳೆಗಾಲ ಹಿಡಿಯುವ ಮೊದಲೇ ಆಗಬೇಕೆಂದು ಹತ್ತು ಕಡೆ ಬರೆದವ ನಾನು!

ಕೊಳೆರೋಗಕ್ಕೆ ಹೋದದ್ದು ಸುಮಾರು ಒಂದೂವರೆ ಕ್ವಿಂಟಾಲ್ ಅಡಿಕೆ. ಆ ಲೇಖನಕ್ಕೆ ಬಂದದ್ದು 1,200 ರೂಪಾಯಿ, ಪೆಟ್ರೋಲಿಗೆ ಹೋದದ್ದು 700. ಅಡಿಕೆಗೆ ಕ್ರಯ ಕಟ್ಟಿ ನೋಡಿದರೆ ನಾಲ್ಕು ವರ್ಷದ ಬರವಣಿಗೆಯ ಉಳಿತಾಯ ಒಂದೇ ಮಳೆಯಲ್ಲಿ ಕೊಚ್ಚಿಹೋಗಿತ್ತು. ಇದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ. ಮನೆಯಾಕೆ ಓದಿದಳು, ಏನೂ ಹೇಳಲಿಲ್ಲ.

ತೆರಿಗೆಯದ್ದೂ ಗೊತ್ತಿರಲಿ

ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದರೆ ಕೃಷಿಯ ಬಗ್ಗೆ ಬರೆದು ಬಂದ ಹಣ ಕೃಷಿ ಆದಾಯವಲ್ಲ. ನಮ್ಮಲ್ಲಿ ಅನೇಕರು ಇಲ್ಲಿ ತಪ್ಪುತ್ತಾರೆ. ಕೆಲವು ಸಂಸ್ಥೆಗಳು ತೆರಿಗೆ ಮುರಿದು ಉಳಿದದ್ದನ್ನು ಹಾಕುತ್ತವೆ. ಸಾವಿರದಲ್ಲಿ ನೂರು ಮುರಿದು 900 ಬಂದರೆ, ಪುಸ್ತಕದಲ್ಲಿ ಆದಾಯ 1,000, ಮುರಿದ ತೆರಿಗೆ 100 ಎಂದು ಬೇರೆ ಬೇರೆ ಬರೆಯಬೇಕು. ಒಟ್ಟಾರೆ ತೆರಿಗೆ ಬಾರದವರು ರಿಟರ್ನ್ ಸಲ್ಲಿಸಿದರೆ ಆ ನೂರು ವಾಪಸು ಬರುತ್ತದೆ. ಪಾನ್ ನಂಬರ್ ಸರಿಯಾಗಿ ಕೊಟ್ಟಿರಬೇಕು, ಅಷ್ಟೇ. ಖರ್ಚಿನ ರಶೀದಿಗಳನ್ನು ಒಂದು ಲಕೋಟೆಯಲ್ಲಿ ಹಾಕಿಡಿ.

ಈಗ ಹೇಗೆ?

ಬರೆಯುವುದು ಬಿಡಲಿಲ್ಲ. ಕ್ರಮ ಬದಲಾಯಿತು. ಸಂಭಾವನೆ ಎಷ್ಟು, ಯಾವಾಗ ಎಂದು ಮೊದಲೇ ಕೇಳುತ್ತೇನೆ. ದೂರ ಹೋದರೆ ಒಂದೇ ಓಡಾಟದಲ್ಲಿ ಎರಡು ವಿಷಯವಾದರೂ ಸಿಗಬೇಕು. ಔಷಧಿಯ ವಾರ, ಕೊಯ್ಲಿನ ವಾರ ಯಾರು ಕರೆದರೂ ಇಲ್ಲ. ತಿಂಗಳ ಕೊನೆಯ ಭಾನುವಾರ ಅರ್ಧ ಗಂಟೆ ಪಾಸ್‌ಬುಕ್ಕು, ಪುಸ್ತಕ ಎರಡನ್ನೂ ಇಟ್ಟು ತಾಳೆ ನೋಡುತ್ತೇನೆ.

ಹಣ ಮಾತ್ರವೇ ಲಾಭವಲ್ಲ, ನಿಜ. ಬರೆಯಲು ಹೋಗಿ ಕಲಿತದ್ದರಿಂದಲೇ ನನ್ನ ತೋಟದಲ್ಲಿ ಇಂಗುಗುಂಡಿ ಬಂತು, ಕಾಳುಮೆಣಸು ಹಬ್ಬಿತು. ಅದಕ್ಕೆ ಅಂಕಣ ಹಾಕಲಾಗದು. ಆದರೆ ಅದನ್ನೇ ನೆಪ ಮಾಡಿ ಉಳಿದ ಅಂಕಣಗಳನ್ನು ಖಾಲಿ ಬಿಡಬಾರದು. ‘ಕೃಷಿಕರ ಕೈಗೆ ಲೇಖನಿ’ ಎಂದಾಗ ನಾವು ಲೇಖನಿ ಹಿಡಿದೆವು. ಅದೇ ಲೇಖನಿಯಿಂದ ಲೆಕ್ಕವನ್ನೂ ಬರೆಯೋಣ.