ದೂರದ ತಲೆಗೊಂದು ಟೋಪಿ

ಚಳಿಗಾಲ ಬಂತೆಂದರೆ ಶಿಕಾಗೋದ ನಮ್ಮ ಮನೆಯಲ್ಲಿ ಉಲ್ಲನ್ ಉಂಡೆಗಳು ಹೊರಬರುತ್ತವೆ. ಈ ಸಲ ಟೋಪಿ ಮೊಮ್ಮಗನಿಗೆ. ಅವನಿರುವುದು ಸುಮಾರು 280 ಮೈಲಿ ದೂರದ ಡೆಟ್ರಾಯಿಟ್‌ನಲ್ಲಿ, ಹಾಕಿ ನೋಡುವಂತಿಲ್ಲ. ಇದಕ್ಕೆಂದೇ ಹೊಸದಾಗಿ ಕಲಿತ ಉಪಾಯ ಹೇಳುತ್ತೇನೆ.

ಮೊದಲು ಅದೇ ಉಲ್ಲನ್, ಅದೇ ಕಡ್ಡಿಯಲ್ಲಿ ಅಂಗೈಯಗಲದ ತುಂಡೊಂದನ್ನು ಹೆಣೆಯಿರಿ. ಒಗೆದು ಒಣಗಿಸಿ, ಅಂಗುಲಕ್ಕೆ ಎಷ್ಟು ಕುಣಿಕೆ ಬಂತೆಂದು ಎಣಿಸಿ. ಮಗಳು ಫೋನಿನಲ್ಲಿ ಹೇಳಿದ ತಲೆಯ ಸುತ್ತಳತೆ 20 ಅಂಗುಲ. ಹೆಣಿಗೆ ಹಿಗ್ಗುವುದರಿಂದ ಟೋಪಿಗೆ 18 ಸಾಕು. ಅಂಗುಲಕ್ಕೆ 5 ಕುಣಿಕೆಯಾದರೆ ಒಟ್ಟು 90. ಕೈ ಸಡಿಲವಾಗಿ 4 ಬಂದರೆ? ಅದೇ 90 ಕುಣಿಕೆಯ ಟೋಪಿ 22 ಅಂಗುಲ ದಾಟಿ ಕಣ್ಣಿನ ಮೇಲೆ ಜಾರುತ್ತದೆ, ಕಿವಿಗೆ ಗಾಳಿ ನುಗ್ಗುತ್ತದೆ. ಆಗ 72 ಕುಣಿಕೆ ಹಾಕಿದರೆ ಸರಿ.

ನೀವೂ ದೂರದವರಿಗೆ ಹೆಣೆಯುವವರಾದರೆ ಈ ತುಂಡನ್ನು ಮಾತ್ರ ಬಿಡಬೇಡಿ.