ಬೇಡವಾದ ಪರೀಕ್ಷೆ, ಬೇಕಾದ ಗುರುತು

ಕವಿ ರನ್ನನ ಕಾಲದ ಕನ್ನಡದಲ್ಲಿದ್ದು ಈಗ ಬಳಕೆ ತಪ್ಪಿರುವ ಅಕ್ಷರ ‘ೞ’. ನಾವು ಏಳು, ಬಾಳೆ ಎಂದು ಬರೆಯುವ ಕಡೆ ಹಳಗನ್ನಡದಲ್ಲಿ ಅದೇ ಇತ್ತು. ಯುನಿಕೋಡ್ ಅದಕ್ಕೂ ಜಾಗ ಕೊಟ್ಟಿದೆ. ಹೆಸರಿಡುವಾಗ ಮಾತ್ರ ಎಡವಿ ‘ಕನ್ನಡ ಲೆಟರ್ ಎಫ್‌ಎ’ ಎಂದುಬಿಟ್ಟಿತು. ಎಲ್ಲಿಯ ಫ, ಎಲ್ಲಿಯ ೞ! ತಪ್ಪು ಗೊತ್ತಾದ ಮೇಲೂ ಹೆಸರನ್ನು ಅಳಿಸಲಿಲ್ಲ. 2.0 ಆವೃತ್ತಿಯಿಂದೀಚೆಗೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಯುನಿಕೋಡ್ ನಿಯಮ. ಪೈಥಾನ್‌ನಂಥ ಭಾಷೆಯಲ್ಲಿ ಅಕ್ಷರವನ್ನು ಹೆಸರು ಹಿಡಿದೇ ಕರೆಯಬಹುದು. ಹೆಸರು ಮಾಯವಾದರೆ ಆ ಕೋಡ್ ಕೆಡುತ್ತದೆ. ಹಾಗಾಗಿ ತಪ್ಪನ್ನು ಉಳಿಸಿಕೊಂಡೇ ಪಕ್ಕದಲ್ಲಿ ‘ಎಲ್‌ಎಲ್‌ಎಲ್‌ಎ’ ಎಂಬ ತಿದ್ದುಪಡಿ ಹೆಸರು ಸೇರಿಸಿದರು.

ಸಾಫ್ಟ್‌ವೇರ್ ಕಟ್ಟುವ ಸಲಕರಣೆಗಳಲ್ಲಿ ತಪ್ಪಲ್ಲದ, ಬರೀ ಹಳತಾದ ಸಂಗತಿಯನ್ನು ತೆಗೆಯುವುದೂ ಇಷ್ಟೇ ಫಜೀತಿ. ಲಿನಕ್ಸ್‌ನಲ್ಲಿ ‘ಕಾನ್ಫಿಗರ್’ ಎಂಬ ಸ್ಕ್ರಿಪ್ಟ್ ಓಡಿಸಿದವರು ಪರದೆಯ ಮೇಲೆ ಸರಸರ ಇಳಿಯುವ ಸಾಲುಗಳನ್ನು ನೋಡಿರುತ್ತಾರೆ: ಅದು ಇದೆಯೇ? ಇದೆ. ಇದು ಇದೆಯೇ? ಇದೆ. ಆ ಸ್ಕ್ರಿಪ್ಟನ್ನು ಹೆಣೆದುಕೊಡುವುದು 1991ರಲ್ಲಿ ಡೇವಿಡ್ ಮೆಕೆಂಜಿ ಶುರು ಮಾಡಿದ ಆಟೋಕಾನ್ಫ್. ಸಿ ಭಾಷೆಗೆ ಅಮೆರಿಕದ ಮಾನಕ ಬಂದದ್ದು 1989ರಲ್ಲಿ. ಅದನ್ನು ಪಾಲಿಸದ ಯಂತ್ರಗಳು ಆಗ ಬೇಕಾದಷ್ಟಿದ್ದವು. ಅದಕ್ಕೇ ಸ್ಕ್ರಿಪ್ಟ್ ಪುಟ್ಟ ಪುಟ್ಟ ಪ್ರೋಗ್ರಾಂ ಬರೆದು, ಕಂಪೈಲ್ ಮಾಡಿ ನೋಡಿ, ಮಾನಕದ ಹೆಡರ್‌ಗಳು, ಎಂದರೆ ಫಂಕ್ಷನ್‌ಗಳನ್ನು ಘೋಷಿಸುವ ಕಡತಗಳು, ಸರಿಯಾಗಿದ್ದರೆ ‘ಎಸ್‌ಟಿಡಿಸಿ ಹೆಡರ್ಸ್’ ಎಂಬ ಗುರುತಿನ ಮುಂದೆ 1 ಎಂದು ಬರೆದಿಡುತ್ತಿತ್ತು.

ಇಂದಿನ ಲ್ಯಾಪ್‌ಟಾಪಿಗೆ ಆ ಪರೀಕ್ಷೆ ದಂಡ. ಕಿತ್ತುಹಾಕಿದರಾಯಿತಲ್ಲ? ತೊಡಕಿರುವುದು ಇಲ್ಲೇ. ಹಳೆಯ ಪ್ರೋಗ್ರಾಂ ಆ ಗುರುತನ್ನು ಹುಡುಕುತ್ತದೆ. ಕಾಣದಿದ್ದರೆ ತಕರಾರು ತೆಗೆಯುವುದಿಲ್ಲ. ಇದು ಓಬೀರಾಯನ ಕಾಲದ ಯಂತ್ರ ಎಂದುಕೊಂಡು, ಮಾನಕದ ಹೆಡರ್ ಬಿಟ್ಟು, ಫಂಕ್ಷನ್‌ಗಳನ್ನು ತಾನೇ ಘೋಷಿಸಿಕೊಳ್ಳುವ ಹಳೆಯ ದಾರಿ ಹಿಡಿಯುತ್ತದೆ. ದೋಷ ತಲೆಯೆತ್ತುವುದು ಇನ್ನೆಲ್ಲೋ. ಆದ್ದರಿಂದ ಪ್ರಶ್ನೆ ಕೇಳುವುದನ್ನು ಬಿಟ್ಟರೂ ಉತ್ತರ ಕೊಡುವುದನ್ನು ಬಿಡುವಂತಿಲ್ಲ.

ಆಟೋಕಾನ್ಫ್‌ನ 2012ರ 2.69 ಆವೃತ್ತಿಯ ನಂತರ ಎಂಟು ವರ್ಷ ಬಿಟ್ಟು, 2020ರ ಡಿಸೆಂಬರಿನಲ್ಲಿ ಬಂದ 2.70 ಹೆಚ್ಚುಕಡಿಮೆ ಹಾಗೇ ಮಾಡಿತು. ಈ ಗುರುತಿನ ಹಿಂದಿದ್ದ ಉದ್ದನೆಯ ಪರೀಕ್ಷೆ ಹೋಯಿತು. ಗುರುತು ಮಾತ್ರ, ಹೊಸ ಕೋಡಿಗೆ ಇದು ಬೇಕಿಲ್ಲ ಎಂಬ ಟಿಪ್ಪಣಿಯೊಂದಿಗೆ ಉಳಿಯಿತು. ಅದನ್ನೂ ಕಣ್ಣು ಮುಚ್ಚಿ 1 ಎಂದು ಬರೆಯುವುದಿಲ್ಲ. ‘ಎಸ್‌ಟಿಡಿಲಿಬ್’, ‘ಸ್ಟ್ರಿಂಗ್’ ಎಂಬ ಎರಡು ಹೆಡರ್‌ಗಳಿವೆಯೇ ಎಂದು ಈಗಲೂ ನೋಡುತ್ತದೆ. ಆಪರೇಟಿಂಗ್ ಸಿಸ್ಟಮ್ಮೇ ಇಲ್ಲದೆ ಓಡುವ ಚಿಪ್ಪುಗಳಿಗೆ ಕೋಡ್ ಕಟ್ಟುವಾಗ ಅವೆರಡೂ ಇರಲೇಬೇಕೆಂದು 1990ರ ಅಂತರರಾಷ್ಟ್ರೀಯ ಸಿ ಮಾನಕ ಹೇಳಿಲ್ಲ.