ಅಜ್ಜಿ ಮನೆಗೆ 33 ಸೆಂಟಿಮೀಟರ್

"ಅಜ್ಜಿ ಮನೆ ಎಷ್ಟು ದೂರ?" ಎಂದು ಮಕ್ಕಳು ಕೇಳಿದರೆ ನಮ್ಮಲ್ಲಿ ಬಹುಪಾಲು ಜನ "ತುಂಬಾ ದೂರ ಪುಟ್ಟಾ" ಎಂದು ಹೇಳಿ ಮುಗಿಸುತ್ತೇವೆ. ಊಟ, ನಿದ್ದೆ, ಗದರಿಕೆಗೆ ಕನ್ನಡ. ಲೆಕ್ಕ, ವಿಜ್ಞಾನ ಬಂದ ಕೂಡಲೇ ಇಂಗ್ಲಿಷ್. ಮಕ್ಕಳ ಕನ್ನಡ ಅಡುಗೆಮನೆಯ ಹೊಸ್ತಿಲು ದಾಟದೆ ಉಳಿಯುವುದು ಹೀಗೇ. ಈ ಪ್ರಶ್ನೆಗಾದರೂ ಪೂರ್ತಿ ಉತ್ತರವನ್ನು ಕನ್ನಡದಲ್ಲೇ ಕೊಡಬಹುದು. ಒಂದು ಗ್ಲೋಬ್, ಒಂದು ತುಂಡು ದಾರ ಇದ್ದರೆ ಸಾಕು.

ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರನ್ನೇ ತೆಗೆದುಕೊಳ್ಳೋಣ. ಗೋಡೆಯ ನಕ್ಷೆಯಲ್ಲಿ ನೇರ ದಾರಿ ಎಂದರೆ ಅಟ್ಲಾಂಟಿಕ್ ಸಾಗರ ದಾಟಿ ಹೋಗುವ ಅಡ್ಡಗೆರೆ ಎನಿಸುತ್ತದೆ. ಈಗ ಗ್ಲೋಬಿನ ಮೇಲೆ ಎರಡೂ ಊರಿನ ನಡುವೆ ದಾರವನ್ನು ಬಿಗಿಯಾಗಿ ಎಳೆಯಲು ಹೇಳಿ. ಅತಿ ಚಿಕ್ಕ ದಾರಿ ಅಲಾಸ್ಕಾ, ಸೈಬೀರಿಯಾ, ಮಂಗೋಲಿಯಾ, ಟಿಬೆಟ್ ಮೇಲೆ ಹಾಯುತ್ತದೆ! 30 ಸೆಂ.ಮೀ. ಅಡ್ಡಳತೆಯ ಗ್ಲೋಬಾದರೆ ಈ ದಾರ ಸುಮಾರು 33 ಸೆಂ.ಮೀ. ಗ್ಲೋಬಿನ ನಡುಸುತ್ತು 94 ಸೆಂ.ಮೀ., ಭೂಮಿಯದು 40,000 ಕಿ.ಮೀ. ತ್ರೈರಾಶಿ ಹಾಕಿದರೆ ಸುಮಾರು 14,000 ಕಿ.ಮೀ. (ತ್ರೈರಾಶಿ ಮರೆತಿದ್ದರೆ ಅಜ್ಜನನ್ನು ಕೇಳಿ, ಖುಷಿಯಿಂದ ಹೇಳಿಕೊಡುತ್ತಾರೆ.) ತೀರಾ ಚಿಕ್ಕ ಮಕ್ಕಳಿಗೆ ದಾರವೇ ಸಾಕು.

ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಭಾಗಿಸಿದರೆ ಹದಿನೈದೂವರೆ ಗಂಟೆ. ಆದರೆ ಹಿಡಿಯುವುದು ಹದಿನಾರು–ಹದಿನೇಳು ಗಂಟೆಗೂ ಮೇಲೆ. ಯಾಕೆ? ವಿಮಾನ ದಾರದ ದಾರಿಯಲ್ಲೇ ಹೋಗುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕಡಿಮೆಯಾದರೆ ಪೈಲಟ್ ಬೇಗನೆ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ. ಹಾಗಾಗಿ ಅದನ್ನು ಬಳಸಿಕೊಂಡು ಹೋಗುತ್ತಾರೆ. ಇನ್ನು ಮೇಲೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ. ಅದು ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ, ಬೆನ್ನಿಗೆ ಸಿಗುವಂತೆ ದಾರಿ ಬದಲಿಸುವುದೂ ಉಂಟು. ಊರಿಗೆ ಹೋಗುವ ಹೊತ್ತು, ಬರುವ ಹೊತ್ತು ಬೇರೆಯಾಗಲು ಇದೂ ಒಂದು ಕಾರಣ.

ಮಕ್ಕಳಿಗೆ ನಿಜವಾಗಿ ತಲೆಕೆಡಿಸುವುದು ಗಡಿಯಾರ. 2021ರಲ್ಲಿ ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ದಾರಿಯಲ್ಲಿ ಹಾರಿಸಿದರು. ಜನವರಿ 9ರ ರಾತ್ರಿ ಹೊರಟದ್ದು 11ರ ನಸುಕಿಗೆ ಇಳಿಯಿತು. ಹಾಗಾದರೆ 10ನೇ ತಾರೀಖು ಎಲ್ಲಿ ಹೋಯಿತು? ಪೂರ್ತಿ ಆಕಾಶದಲ್ಲೇ ಕಳೆಯಿತು! ಹಾರಾಟದ ಹದಿನೇಳು ಚಿಲ್ಲರೆ ಗಂಟೆಗೆ ಎರಡು ಊರುಗಳ ನಡುವಿನ ಹದಿಮೂರೂವರೆ ಗಂಟೆ ಕೂಡಿಸಲಿ. ವಾಪಸ್ ಬರುವಾಗ ಕಳೆಯಬೇಕು: ಬೆಂಗಳೂರಲ್ಲಿ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ ಇಲ್ಲಿ ಅದೇ ದಿನ ಸಂಜೆ 4:30.

ಕೂಡು, ಕಳೆ, ಭಾಗಿಸು, ಅಡ್ಡಳತೆ, ಸುತ್ತಳತೆ, ವೇಗ, ಒತ್ತಡ. ಇಷ್ಟೂ ಪದ ಅರ್ಧ ಗಂಟೆಯಲ್ಲಿ ಮಗುವಿನ ಬಾಯಲ್ಲಿ ಬಂದಿರುತ್ತವೆ. ಮಗು ನಡುವೆ ಇಂಗ್ಲಿಷಿಗೆ ಜಾರಿದರೆ ತಡೆಯಬೇಡಿ, ನೀವು ಕನ್ನಡದಲ್ಲೇ ಮುಂದುವರಿಸಿ. ಬೇಸಿಗೆಯಲ್ಲಿ ಅಮೆರಿಕದ ಗಡಿಯಾರ ಮುಂದಕ್ಕೆ ಹೋಗುವುದರಿಂದ ಅಂತರ ಹನ್ನೆರಡೂವರೆ ಗಂಟೆಯಾಗುತ್ತದೆ. ಲೆಕ್ಕ ಒಪ್ಪಿಸಲು ಅಜ್ಜಿಗೆ ಫೋನ್ ಮಾಡುವ ಮುಂಚೆ, ಅಲ್ಲೀಗ ಗಂಟೆ ಎಷ್ಟೆಂದು ಮಗುವೇ ಹೇಳಲಿ.